ಟೇಪಮ್ಮನ ಅಳತೆ

ಆಕೆಗೆ ಟೇಪಮ್ಮ ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರು ಮಾತ್ರ ಸರಿಯಾಗಿ ನೋಡಿಯೇ ಇಟ್ಟಿದ್ದರು. ಬೆಳಿಗ್ಗೆ ಮುಖ ತೊಳೆದ ಕೂಡಲೇ ಕೊರಳಿಗೆ ಅಳತೆಯ ಟೇಪು ಬೀಳುತ್ತಿತ್ತು. ಮಲಗುವಾಗ ತೆಗೆಯುವುದು ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತೊಂದು ವರ್ಷದಿಂದ ಅಲ್ಲಿ ಹೆಂಗಸರ ಕೋಟು, ದಾದಿಯರ ಮೇಲಂಗಿ, ಶಾಲೆಯ ಹುಡುಗಿಯರ ಸಮವಸ್ತ್ರ ಹೊಲಿಯುತ್ತ ಬಂದಿದ್ದಳು. ಅದರಲ್ಲೂ ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡರೆ ಸಾಕು, ಆಕೆ ಒಳಗೆ ಬಂದು ಕೂರುವುದರೊಳಗೆ ಸೊಂಟ ಎಷ್ಟು, ತೋಳು ಎಷ್ಟು, ಯಾವ ಭುಜ ಇಳಿದಿದೆ ಎಂದು ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದಳು. ಟೇಪು ಹಿಡಿಯುತ್ತಿದ್ದುದು ಬಂದವರ ಸಮಾಧಾನಕ್ಕೆ.

ಅವಳ ಹೊಲಿಗೆಯ ಗುಟ್ಟು ಲೂಸು. ಮೈ ಅಳತೆಯ ಮೇಲೆ ಬಟ್ಟೆಗೆ ಎಷ್ಟು ಸಡಿಲ ಬಿಡಬೇಕು ಅನ್ನುವುದನ್ನು ದರ್ಜಿಗಳು ಲೂಸು ಅನ್ನುತ್ತಾರಲ್ಲ, ಅದು. ಎದೆಗೆ ಎರಡು ಇಂಚು, ಸೊಂಟಕ್ಕೆ ಒಂದೂವರೆ, ಊಟದ ಮೇಲೆ ಪ್ರೀತಿ ಇರುವವರಿಗೆ ಇನ್ನರ್ಧ. "ಉಸಿರಾಡೋಕೆ ಜಾಗ ಕೊಡದ ಬಟ್ಟೆ ಬಟ್ಟೆನೇ ಅಲ್ಲ" ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು. ಅವಳ ಗಂಡ ಗಡಿಯಾರ ರಿಪೇರಿಯ ಮನುಷ್ಯ, ಕಣ್ಣು ಮಂಜಾದ ಮೇಲೆ ಮನೆಯಲ್ಲೇ ಇದ್ದ. ಅವನಿಗೆ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು.

ಅಂಥ ಕೈ ಈ ವರ್ಷ ಕೈಕೊಟ್ಟಿತು. ಮೊದಲು ಬಲಭುಜದಲ್ಲಿ ಉರಿ. ಆಮೇಲೆ ಕತ್ತಿನಿಂದ ಮೊಣಕೈವರೆಗೆ ಸೆಳೆತ. ಆಮೇಲೆ ಕಿರುಬೆರಳು, ಉಂಗುರದ ಬೆರಳು ಎರಡೂ ಜುಮ್ಮೆನ್ನತೊಡಗಿ, ಮಧ್ಯಾಹ್ನದ ಹೊತ್ತಿಗೆ ತನ್ನವೇ ಅಲ್ಲವೇನೋ ಎನ್ನುವಂತಾಗುತ್ತಿದ್ದವು. ಒಂದು ದಿನ ಕೋಟಿನ ಬಟ್ಟೆ ಹರಡಿಕೊಂಡು ದೊಡ್ಡ ಕತ್ತರಿ ಆಡಿಸುತ್ತಿರುವಾಗ ಕತ್ತರಿ ಜಾರಿ ಕಾಲ ಹೆಬ್ಬೆರಳಿನ ಪಕ್ಕದಲ್ಲೇ ನೆಲಕ್ಕೆ ಬಿತ್ತು. ಬೆರಳು ಉಳಿಯಿತು, ಧೈರ್ಯ ಉಳಿಯಲಿಲ್ಲ.

ಡಾಕ್ಟರು ಕುತ್ತಿಗೆಯ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿ, ಮೂಳೆಯಲ್ಲಿ ಏನೂ ಇಲ್ಲ ಅಂದರು. ಭುಜದ ಹತ್ತಿರ ನರಕ್ಕೆ ಒತ್ತಡ ಬೀಳುತ್ತಿರುವ ಹಾಗಿದೆ, ಭಾರ ಏನಾದರೂ ಹೊರುತ್ತೀರಾ ಎಂದು ಕೇಳಿದರು.

"ನಾನೇನು ಮೂಟೆ ಹೊರೋಳಾ ಡಾಕ್ಟ್ರೇ? ಕತ್ತರಿ ಬಿಟ್ರೆ ಬೇರೇನೂ ಹಿಡಿಯೋಳಲ್ಲ" ಅಂದಳು ಟೇಪಮ್ಮ.

"ಹಾಗಾದ್ರೆ ಕತ್ತರಿ ಬಿಡಿ ಸ್ವಲ್ಪ ದಿನ."

ಸ್ವಲ್ಪ ದಿನ ಅನ್ನುವುದು ಎರಡು ತಿಂಗಳಾಯಿತು. ಭುಜದ ವ್ಯಾಯಾಮ ಮಾಡಿದಳು, ಮುಲಾಮು ಹಚ್ಚಿದಳು, ಬಿಸಿನೀರಿನ ಚೀಲ ಇಟ್ಟುಕೊಂಡಳು. ಬೆರಳು ಜುಮ್ಮೆನ್ನುವುದು ನಿಲ್ಲಲಿಲ್ಲ. ಕೊನೆಗೆ ಗಂಡನೇ ಬಾಯಿಬಿಟ್ಟ. ಪಕ್ಕದ ಬೇಕರಿಯವನಿಗೆ ಹಿಟ್ಟಿನ ಚೀಲ ಇಡಲು ಜಾಗ ಬೇಕಾಗಿತ್ತು, ಮುಂದಿನ ಕೋಣೆ ಕೊಡುತ್ತೀರಾ ಎಂದು ಕೇಳಿದ್ದ. "ಕೊಟ್ಟುಬಿಡೋಣ ಕಣೇ. ನಿನ್ನ ಕೈ ತುತ್ತು ಎತ್ತೋಕಾದ್ರೂ ಉಳೀಲಿ." ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅವಳೂ ಹೂಂ ಅಂದಳು. ಬರುವ ತಿಂಗಳ ಒಂದನೇ ತಾರೀಕು ಬೀಗದಕೈ ಕೊಡುವುದೆಂದು ಮಾತಾಯಿತು. ಕತ್ತರಿಸುವ ಮೇಜನ್ನು ಕೋಣೆಯ ಒಳಗೇ ಕೂತು ಮಾಡಿದ್ದರಿಂದ ಬಾಗಿಲಲ್ಲಿ ಹೋಗುವುದಿಲ್ಲ, ಕಾಲು ಕತ್ತರಿಸಿಯೇ ಹೊರಗೆ ತೆಗೆಯಬೇಕು ಎಂದು ಬಡಗಿ ಬಂದು ನೋಡಿ ಹೇಳಿಹೋದ. ಅವತ್ತು ಟೇಪಮ್ಮ ಊಟ ಬೇಡ ಅಂದಳು, ಹೊಟ್ಟೆ ಸರಿಯಿಲ್ಲ ಅನ್ನುವ ನೆಪದಲ್ಲಿ. ಹೊಟ್ಟೆ ಚೆನ್ನಾಗಿಯೇ ಇತ್ತು.

ಈಗ ಸೊಸೆಯ ವಿಷಯ ಹೇಳಬೇಕು. ಮಗ ಲಾರಿ ಓಡಿಸುತ್ತಾನೆ, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಬಂದು ಎರಡು ವರ್ಷ. ಅವಳಿಗೆ ಪೇಟೆಯಲ್ಲಿ ಹೆಂಗಸರ ಒಳಉಡುಪಿನ ಅಂಗಡಿಯಲ್ಲಿ ಕೆಲಸ: ಬಂದವರ ಅಳತೆ ತೆಗೆದು, ಸರಿಹೊಂದುವ ಬ್ರಾ ಹುಡುಕಿ ಕೊಡುವುದು. ಟೇಪಮ್ಮ ಇದನ್ನು ಕೇಳಿದ ದಿನದಿಂದಲೂ ಮೂಗು ಮುರಿಯುತ್ತಲೇ ಇದ್ದಳು. "ಅದೂ ಒಂದು ಅಳತೆನಾ? ಕತ್ತರಿಸೋದಿಲ್ಲ, ಹೊಲಿಯೋದಿಲ್ಲ. ಟೇಪು ಸುತ್ತೋದು, ಡಬ್ಬಿ ತೆಗೆದುಕೊಡೋದು." ಸೊಸೆ ನಗುತ್ತಿದ್ದಳು. ಜಗಳಕ್ಕೆ ಸಿಗುವ ಪೈಕಿ ಅಲ್ಲ ಆ ಹುಡುಗಿ. ಟೇಪಮ್ಮನಿಗೆ ಅದೂ ಒಂದು ಬೇಜಾರು.

ಒಂದು ಭಾನುವಾರ ಮಳೆ ಬರುವ ಹಾಗಾಯಿತು. ಸೊಸೆ ಓಡಿಹೋಗಿ ಹಿತ್ತಿಲಿನ ಹಗ್ಗದಿಂದ ಬಟ್ಟೆ ಎಳೆದುಕೊಳ್ಳತೊಡಗಿದಳು. ಟೇಪಮ್ಮ ತನ್ನ ಒಳಉಡುಪನ್ನು ಯಾವತ್ತೂ ಬಿಸಿಲಿಗೆ ಮುಖ ತೋರಿಸಲು ಬಿಟ್ಟವಳಲ್ಲ. ಹಗ್ಗದ ಮೇಲೆ ಮೊದಲು ಅದು, ಅದರ ಮೇಲೆ ದಪ್ಪ ಟವೆಲ್ಲು, ಟವೆಲ್ಲಿಗೆ ಎರಡು ಕ್ಲಿಪ್ಪು. ಕಳ್ಳ ಬಂದರೂ ಟವೆಲ್ಲನ್ನಷ್ಟೇ ನೋಡಿ ಹೋಗಬೇಕು. ಅವತ್ತು ಗಾಳಿಗೆ ಕ್ಲಿಪ್ಪು ಹಾರಿ ಟವೆಲ್ಲು ಮಾತ್ರ ಸೊಸೆಯ ಕೈಗೆ ಬಂತು, ಕೆಳಗಿನದ್ದು ಹಗ್ಗದಲ್ಲೇ ಉಳಿಯಿತು.

ಸೊಸೆ ಅದನ್ನು ತೆಗೆದು ಮಡಚಲು ಹೋದವಳು ಅಲ್ಲೇ ನಿಂತಳು. ಎರಡೂ ಭುಜದ ಪಟ್ಟಿಗಳಿಗೆ ಕೈಹೊಲಿಗೆಯಲ್ಲಿ ನಿರಿಗೆ ಹಿಡಿದು ಗಿಡ್ಡ ಮಾಡಲಾಗಿತ್ತು. ಒಂದೊಂದಕ್ಕೆ ನಾಲ್ಕು ನಿರಿಗೆ. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಕಂಪನಿಯವರೇ ಮಾಡಿದ ಹಾಗಿತ್ತು. ಒಳಗಿನ ಚೀಟಿಯಲ್ಲಿ ನಲವತ್ತೆರಡು ಎಂದಿತ್ತು. ಮೊದಲ ಹನಿ ಬಿದ್ದರೂ ಹುಡುಗಿ ಒಳಗೆ ಬರಲಿಲ್ಲ.

ಒಳಗೆ ಬಂದವಳೇ ಅತ್ತೆಯ ಮುಂದೆ ಕೂತಳು. "ಅತ್ತೆ, ಪಟ್ಟಿಗೆ ನಿರಿಗೆ ಯಾಕೆ ಹಾಕಿದೀರಿ?"

ಟೇಪಮ್ಮನ ಮುಖ ಕೆಂಪಾಯಿತು. ಅಲ್ಲೇ ಕೂತಿದ್ದ ಗಂಡ ಪೇಪರ್ ಎತ್ತಿಕೊಂಡು ಮೆಲ್ಲನೆ ಜಗಲಿಗೆ ಜಾರಿಕೊಂಡ. "ಜಾರ್ತಾ ಇತ್ತು, ಹಾಕ್ದೆ. ನನ್ನ ಸೂಜಿ, ನನ್ನ ದಾರ. ನಿಂಗೇನು?"

"ಹಿಂದಗಡೆ ಪಟ್ಟಿ ಬೆನ್ನ ಮೇಲೆ ಹತ್ತುತ್ತಾ?"

"ಹತ್ತುತ್ತೆ. ಎಲ್ಲರದ್ದೂ ಹತ್ತುತ್ತೆ. ಎಳ್ಕೊಳ್ಳೋದು."

"ಭುಜ ತೋರಿಸಿ ಸ್ವಲ್ಪ."

"ಹೋಗೇ!" ಅಂದಳು ಟೇಪಮ್ಮ.

ಹುಡುಗಿ ಹೋಗಲಿಲ್ಲ. "ಡಾಕ್ಟ್ರು ಭಾರ ಹೊರ್ತೀರಾ ಅಂತ ಕೇಳಿದ್ರಲ್ಲ ಅತ್ತೆ, ಹೊರ್ತಿದೀರಿ. ಇಪ್ಪತ್ತು ವರ್ಷದಿಂದ ಭುಜದ ಮೇಲೇ ಹೊರ್ತಿದೀರಿ. ಒಂದು ಸಲ ನಿಮ್ಮ ಅಳತೆ ತಗೊಳ್ತೀನಿ, ಬಿಡಿ."

"ನನ್ನ ಅಳತೆ ನೀನು ತಗೊಳ್ಳೋದಾ? ಈ ಊರಿಗೆಲ್ಲ ಅಳತೆ ತಗೊಂಡೋಳು ನಾನು!"

"ನಿಮ್ಮದು ಯಾರು ತಗೊಂಡಿದಾರೆ?" ಎಂದು ಸೊಸೆ ಕೇಳಿದಳು. ಕೆಣಕಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

ಟೇಪಮ್ಮನ ಅಂಗಡಿಯಲ್ಲಿ ಅಳತೆಯ ಪುಸ್ತಕಗಳು ಒಂಬತ್ತು. ದಾದಿಯರು, ಟೀಚರುಗಳು, ಹಾಲು ಹಾಕುವವಳು, ಸತ್ತುಹೋದವರು, ಸೀಮೆ ಬಿಟ್ಟು ಹೋದವರು, ಎಲ್ಲರೂ ಅದರಲ್ಲಿದ್ದರು. ತಾನಿರಲಿಲ್ಲ. ಹಳೇ ಅಂಗಿ ಇಟ್ಟುಕೊಂಡು ಹೊಸದು ಕತ್ತರಿಸಿಕೊಂಡವಳು ಅವಳು, ಅದನ್ನೂ ಉಳಿದ ಚೂರಿನಲ್ಲಿ. ಈ ಪ್ರಶ್ನೆಗೆ ಇಷ್ಟು ದುಃಖ ಯಾಕಾಗಬೇಕು ಎಂದು ಅವಳಿಗೇ ಗೊತ್ತಾಗಲಿಲ್ಲ. ಎದ್ದು ಒಳಗೆ ಹೋದಳು. ಮೂರು ದಿನ ಸೊಸೆಯ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೀರಿನ ಲೋಟ ಬೆರಳುಗಳ ನಡುವಿನಿಂದ ಜಾರಿ ಒಡೆಯಿತು. ಚೂರುಗಳನ್ನು ಗುಡಿಸುತ್ತಿದ್ದ ಸೊಸೆಗೆ, ಅವಳ ಮುಖ ನೋಡದೆ, "ಅದೇನು ಅಳತೆಯೋ, ತಗೊಂಡು ಹಾಳಾಗು" ಅಂದಳು.

ಅಂಗಡಿಯ ಪರದೆ ಎಳೆದುಕೊಂಡರು. ಟೇಪಮ್ಮನ ಕೊರಳಿನ ಟೇಪನ್ನು ಸೊಸೆ ತಾನೇ ತೆಗೆದುಕೊಂಡಳು. ಕನ್ನಡಿಯ ಮುಂದೆ ಯಾವಾಗಲೂ ಬೇರೆಯವರ ಬೆನ್ನ ಹಿಂದೆ ನಿಂತವಳಿಗೆ ಮುಂದೆ ನಿಲ್ಲುವುದು ಹೇಗೆಂದೇ ತಿಳಿಯಲಿಲ್ಲ. ಕೈ ಎಲ್ಲಿಡಬೇಕು? ಎಲ್ಲಿ ನೋಡಬೇಕು? ಬಂದವರಿಗೆಲ್ಲ ಉಸಿರು ಬಿಗಿ ಹಿಡೀಬೇಡಿ ಎಂದು ಗದರುತ್ತಿದ್ದವಳು ಈಗ ಹೊಟ್ಟೆ ಒಳಗೆಳೆದುಕೊಂಡು ಕಂಬದ ಹಾಗೆ ನಿಂತಿದ್ದಳು.

"ಉಸಿರು ಬಿಡಿ ಅತ್ತೆ."

"ಬಿಟ್ಟಿದೀನಿ."

"ಬಿಟ್ಟಿಲ್ಲ."

ಬಿಟ್ಟಳು. ಸೊಸೆ ಮೊದಲು ಭುಜ ನೋಡಿದಳು. ಪಟ್ಟಿ ಕೂರುವಲ್ಲಿ ಎರಡೂ ಕಡೆ ಬೆರಳು ಇಡುವಷ್ಟು ಗುಳಿ ಬಿದ್ದಿತ್ತು, ಬಲಗಡೆಯದು ಆಳ, ಚರ್ಮ ಕಪ್ಪಿಟ್ಟಿತ್ತು. "ಇದು ಎಲ್ಲಾ ಹೆಂಗಸರಿಗೂ ಇರುತ್ತೆ ಕಣೇ. ನಾನು ನೋಡದ ಭುಜನಾ?" ಅಂದಳು ಟೇಪಮ್ಮ. "ಕೋಟು ಹೊಲಿಯುವಾಗ ಅಲ್ಲಿಗೆ ಒಂಚೂರು ಹತ್ತಿ ಇಟ್ಟು ಮಟ್ಟ ಮಾಡ್ತೀನಿ."

"ಎಲ್ಲರಿಗೂ ಇದೆ ಅಂದ್ರೆ ಎಲ್ಲರೂ ತಪ್ಪು ಅಳತೆ ಹಾಕ್ಕೊಂಡಿದಾರೆ ಅಂತ ಅತ್ತೆ."

ಟೇಪಮ್ಮ ತನ್ನ ಭುಜದ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಮೂವತ್ತೊಂದು ವರ್ಷ ಅಷ್ಟು ಭುಜಗಳಿಗೆ ಹತ್ತಿ ತುಂಬಿದ್ದಳು, ಒಂದು ಸಲವೂ ಇದು ಯಾಕೆ ಎಂದು ಕೇಳಿರಲಿಲ್ಲ.

ಸೊಸೆ ಟೇಪನ್ನು ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ತಂದು ಬಿಗಿಯಾಗಿ ಹಿಡಿದಳು. ಮೂವತ್ತೈದು. ಆಮೇಲೆ ಅತ್ತೆಯನ್ನು ಮುಂದಕ್ಕೆ ಬಗ್ಗಿಸಿ ಎದೆಯ ತುಂಬು ಭಾಗದ ಸುತ್ತ ಹಗುರಾಗಿ ಹಿಡಿದಳು. ನಲವತ್ತೆರಡು. "ನೀವು ಹೇಗೆ ಲೆಕ್ಕ ಹಾಕ್ತಿದ್ರಿ?"

"ಹೇಗೆ ಅಂದ್ರೆ? ಹಳೇ ಅಂಗಿ ಪ್ರಕಾರ ಎದೆ ನಲವತ್ತು, ಎರಡು ಲೂಸು, ನಲವತ್ತೆರಡು."

ಸೊಸೆ ಟೇಪು ಕೆಳಗಿಟ್ಟಳು. "ಬ್ರಾಗೆ ಲೂಸು ಬಿಟ್ರಾ ಅತ್ತೆ?"

"ಬಿಡದೆ? ಉಸಿರಾಡೋದು ಬೇಡ್ವಾ?"

ಬೇರೆ ಯಾರೂ ಈ ತಪ್ಪು ಮಾಡಲಾರರು. ಅಳತೆ ಗೊತ್ತಿಲ್ಲದವಳು ಅಂಗಡಿಯಲ್ಲಿ ಕೊಟ್ಟದ್ದನ್ನು ಹಾಕಿಕೊಳ್ಳುತ್ತಿದ್ದಳು, ಅರ್ಧ ಸಲವಾದರೂ ಸರಿಯಾಗುತ್ತಿತ್ತು. ಇವಳು ದರ್ಜಿ. ನಿಯಮದ ಪ್ರಕಾರ ಪ್ರತಿ ಸಲವೂ ತಪ್ಪಿದ್ದಳು. ಸುತ್ತಿನ ಪಟ್ಟಿ ಸಡಿಲವಾಗಿ ಬೆನ್ನ ಮೇಲೆ ಹತ್ತಿತು, ಎದೆಯ ಭಾರವೆಲ್ಲ ಭುಜದ ಪಟ್ಟಿಗೆ ಬಿತ್ತು, ಪಟ್ಟಿ ಜಾರಿತು, ನಿರಿಗೆ ಹಾಕಿ ಗಿಡ್ಡ ಮಾಡಿದಳು, ಅದು ಇನ್ನಷ್ಟು ಒಳಗೆ ಕಚ್ಚಿತು. ಪ್ರತಿ ರಿಪೇರಿಯೂ ಕೈಗೆ ಇನ್ನೊಂದು ಪೆಟ್ಟು.

"ಇದಕ್ಕೆ ಲೂಸು ಒಂದು ನೂಲೂ ಇಲ್ಲ ಅತ್ತೆ."

"ಲೂಸಿಲ್ಲದ ಬಟ್ಟೆ ಎಲ್ಲಾದ್ರೂ ಉಂಟಾ!"

"ಪ್ಯಾಂಟಿನ ಸೊಂಟಪಟ್ಟಿಗೆ ಎಷ್ಟು ಲೂಸು ಬಿಡ್ತೀರಿ?"

"ಅದಕ್ಕೆ ಬಿಡೋದಾ? ಬಿಟ್ರೆ ಉದುರಿ ಕಾಲಿಗೆ ಬೀಳುತ್ತೆ. ಪ್ಯಾಂಟು ನಿಲ್ಲೋದೇ ಸೊಂಟದ..." ಟೇಪಮ್ಮ ಮಾತು ಅಲ್ಲಿಗೇ ನಿಲ್ಲಿಸಿದಳು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಸೇರಿದವು. ಕಸುಬಿನವರಿಗೆ ಕಸುಬಿನ ಭಾಷೆಯಲ್ಲಿ ಹೇಳಿದರೆ ಅರ್ಧ ಮಾತು ಸಾಕು.

"ಇದು ಮೈ ಮುಚ್ಚೋ ಬಟ್ಟೆ ಅಲ್ಲ ಅತ್ತೆ, ಭಾರ ಹೊರೋ ಬಟ್ಟೆ" ಅಂದಳು ಸೊಸೆ. "ಹೊರಬೇಕಾದ್ದು ಸುತ್ತಿನ ಪಟ್ಟಿ. ಭುಜದ್ದು ಸುಮ್ಮನೆ ಕೂತಿದ್ರೆ ಸಾಕು."

ಮಾರನೆಯ ದಿನ ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿಕೊಂಡು ಟೇಪಮ್ಮ ಸೊಸೆಯ ಅಂಗಡಿಗೆ ಹೋದಳು. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಖಾನೆಗಳು, ಒಂದೊಂದರ ಮೇಲೂ ಅಂಕಿ, ಅಕ್ಷರ: ಅಂಕಿ ಸುತ್ತಳತೆಗೆ, ಅಕ್ಷರ ಕಪ್ಪಿನ ಗಾತ್ರಕ್ಕೆ. ಒಂದು ಅಂಕಿಗೆ ಎಂಟು ಅಕ್ಷರ. ಇಷ್ಟೊಂದು ಅಳತೆಗಳಿವೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಸ್ಟೂಲು, ಒಂದು ಗೂಟ, ಒಳಗಿನಿಂದ ಹಾಕುವ ಚಿಲಕ.

ಮೊದಲನೆಯದು ಕಂಕುಳಲ್ಲಿ ಚುಚ್ಚಿತು. ಎರಡನೆಯದರ ಕಪ್ ಚಿಕ್ಕದಾಗಿ ಮೇಲೆ ಉಬ್ಬಿತು. ಮೂರನೆಯದರಲ್ಲಿ ಜಾಗ ಹೆಚ್ಚಾಗಿ ಬಟ್ಟೆ ಸುಕ್ಕಾಯಿತು. ನಾಲ್ಕನೆಯದನ್ನು ಹಾಕಿಕೊಂಡ ಟೇಪಮ್ಮ ಇದೇ ಸಾಕು, ಮನೆಗೆ ಹೋಗೋಣ ಅಂದಳು. ಸೊಸೆ ಬಾಗಿಲಿನ ಸಂದಿಯಿಂದ ಒಂದೇ ನೋಟಕ್ಕೆ "ಸಾಕಾಗಲ್ಲ, ನಡುವಿನ ಪಟ್ಟಿ ಎದೆಮೂಳೆಗೆ ತಾಗ್ತಿಲ್ಲ" ಎಂದು ಅದನ್ನೂ ಕಿತ್ತುಕೊಂಡಳು. ಬೇರೆಯವರಿಗೆ ಟೇಪಮ್ಮ ಹೀಗೆಯೇ ಹೇಳುತ್ತಿದ್ದುದು. ತೋಳು ಒಂದು ನೂಲು ತಿರುಗಿದ್ದರೂ ಬಿಚ್ಚಿಸಿ ಮತ್ತೆ ಹೊಲಿಯುತ್ತಿದ್ದಳು. ಈ ಹುಡುಗಿಯೂ ತನ್ನ ಜಾತಿಯವಳೇ, ಕಸುಬಿನ ಜಾತಿ, ಎಂದು ಅವಳಿಗೆ ಆಗ ಮೊದಲ ಸಲ ಅನ್ನಿಸಿತು. ಎರಡು ವರ್ಷ ಒಂದೇ ಸೂರಿನ ಕೆಳಗಿದ್ದೂ ಅನ್ನಿಸಿರಲಿಲ್ಲ. ನಾಚಿಕೆಯಾಯಿತು.

ಏಳನೆಯದು ಮೂವತ್ತಾರರ ಅಂಕಿಯದು, ಬ್ರಾದಲ್ಲಿ ಬೆಸ ಅಂಕಿ ಬರುವುದಿಲ್ಲವಲ್ಲ, ಆರನೆಯ ಅಕ್ಷರದ ಕಪ್. ಬಣ್ಣ ಗೋಧಿಹಿಟ್ಟಿನದು, ಚೆಂದವೇನಿಲ್ಲ. ಸೊಸೆ ಹೇಳಿಕೊಟ್ಟ ಹಾಗೆ ಬಗ್ಗಿ, ಎಲ್ಲವನ್ನೂ ಕೈಯಿಂದ ಒಳಗೆ ಸೇರಿಸಿ, ಹಿಂದಿನ ಕೊಕ್ಕೆಯನ್ನು ಹೊರಗಿನ ಸಾಲಿಗೆ ಹಾಕಿಸಿಕೊಂಡಳು. "ಒಳಗಿನ ಸಾಲು ಆಮೇಲೆ ಬೇಕಾಗುತ್ತೆ, ಎಲಾಸ್ಟಿಕ್ಕು ಹಿಗ್ಗಿದ ಮೇಲೆ." ಸೊಸೆ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದಳು. ಭುಜದ ಪಟ್ಟಿಯನ್ನು ಸ್ವಲ್ಪ ಸಡಿಲಿಸಿದಳು.

"ಈಗ ಕೋಟು ಕತ್ತರಿಸಿ."

"ಏನು?"

"ಮೇಜಿನ ಮೇಲೆ ಬಗ್ಗೋ ಹಾಗೆ ಬಗ್ಗಿ. ಕತ್ತರಿ ಹಿಡಿದು ಕೈ ಚಾಚಿ. ನೀವು ದಿನಾ ಹಾಗೇ ತಾನೆ ಇರೋದು? ನೆಟ್ಟಗೆ ನಿಂತಾಗ ಸರಿಯಾದ್ರೆ ಏನು ಬಂತು?"

ಟೇಪಮ್ಮ ಸ್ಟೂಲಿನ ಮೇಲೆ ಬಗ್ಗಿದಳು. ಇಲ್ಲದ ಕತ್ತರಿ ಹಿಡಿದಳು, ಇಲ್ಲದ ಬಟ್ಟೆಯ ಮೇಲೆ ಬಲಗೈ ಉದ್ದಕ್ಕೆ ಚಾಚಿದಳು. ಬೆನ್ನ ಪಟ್ಟಿ ಇದ್ದಲ್ಲೇ ಇತ್ತು. ಎರಡೂ ಕೈ ಮೇಲೆತ್ತಿದಳು. ಭುಜದ ಮೇಲೆ ಏನೂ ಎಳೆಯಲಿಲ್ಲ. ಕುತ್ತಿಗೆಯಲ್ಲಿ ಯಾರೋ ಇಪ್ಪತ್ತು ವರ್ಷದಿಂದ ಜೋತುಬಿದ್ದಿದ್ದವರು ಇಳಿದುಹೋದ ಹಾಗಿತ್ತು. ಒಂದು ಉದ್ದದ ಉಸಿರು ತಾನಾಗಿ ಒಳಗೆ ಹೋಯಿತು, ಲೂಸು ಒಂದು ನೂಲೂ ಇಲ್ಲದೆ. ಅವಳು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು. ಸೊಸೆ ಗಾಬರಿಯಾಗಿ, "ಬಿಗಿ ಆಯ್ತಾ ಅತ್ತೆ?" ಎಂದು ಕೇಳುತ್ತಲೇ ಇದ್ದಳು. ಟೇಪಮ್ಮ ಅಳುತ್ತಲೇ ಇಲ್ಲವೆಂದು ತಲೆಯಾಡಿಸಿದಳು.

ಬೆರಳಿನ ಜುಮ್ಮು ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲ ವಾರ ಉರಿ ತಗ್ಗಿತು. ಎರಡನೆಯ ವಾರ ಡಾಕ್ಟರು ಹೇಳಿದ್ದ ವ್ಯಾಯಾಮವನ್ನು ಸೊಸೆ ಎದುರಿಗೆ ನಿಂತು ಮಾಡಿಸಿದಳು, ಈ ಸಲ ಅದು ಕೆಲಸ ಮಾಡಿತು. ಮೂರನೆಯ ವಾರ ಉಂಗುರದ ಬೆರಳಿಗೆ ಜೀವ ಬಂತು. ಆದರೂ ಟೇಪಮ್ಮ ಕತ್ತರಿ ಮುಟ್ಟಲಿಲ್ಲ. ಭಯ. ಮುಟ್ಟಿ ಕೆಳಗೆ ಬಿದ್ದರೆ ಆಸೆಯೂ ಅಲ್ಲಿಗೇ ಮುಗಿಯಿತಲ್ಲ ಅನ್ನುವ ಭಯ.

ಒಂದನೇ ತಾರೀಕು ಬಂತು. ಬೇಕರಿಯವನು ಹತ್ತು ಗಂಟೆಗೆ ಬರುವವನಿದ್ದ. ಟೇಪಮ್ಮ ಏಳಕ್ಕೇ ಅಂಗಡಿಯ ಬಾಗಿಲು ತೆರೆದಳು. ದಾದಿಯರ ಮೇಲ್ವಿಚಾರಕಿಯೊಬ್ಬಳು ಬಿಟ್ಟುಹೋಗಿದ್ದ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ದೊಡ್ಡ ಕತ್ತರಿ ಕೈಗೆತ್ತಿಕೊಂಡಳು. ಬೆನ್ನಿನ ಭಾಗ, ಕೊರಳಿನಿಂದ ಅಂಚಿನವರೆಗೆ ಒಂದೇ ಓಟ. ಕತ್ತರಿ ಕರಕರ ಅನ್ನುತ್ತ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಮುಂಭಾಗ ಎರಡು, ತೋಳು ಎರಡು, ಕಾಲರು. ಕತ್ತರಿ ಕೆಳಗಿಟ್ಟು ಬೆರಳು ಮಡಚಿ ಬಿಡಿಸಿ ನೋಡಿಕೊಂಡಳು. ಐದೂ ಅವಳವೇ.

"ರೀ!" ಎಂದು ಕೂಗಿದಳು. "ಬೇಕರಿಯವರಿಗೆ ಬೇರೆ ಕಡೆ ಜಾಗ ನೋಡ್ಕೊಳ್ಳೋಕೆ ಹೇಳಿ. ಬಡಗಿಗೂ ಹೇಳಿಬಿಡಿ, ನನ್ನ ಮೇಜಿನ ಕಾಲಿಗೆ ಕೈ ಹಾಕಿದ್ರೆ ಅವನ ಕಾಲು ಉಳಿಯಲ್ಲ ಅಂತ." ಗಡಿಯಾರದವನು ಕತ್ತರಿಸಿದ ತುಂಡುಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಅಂಗಿಯ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಳ್ಳುತ್ತ, ಬೇಕರಿಯ ಕಡೆ ಅವಸರವಾಗಿ ನಡೆದ.

ಸೊಸೆ ಕೆಲಸಕ್ಕೆ ಹೊರಟು ನಿಂತಿದ್ದಳು. ಟೇಪಮ್ಮ ಅವಳ ಕೈ ಹಿಡಿದುಕೊಂಡಳು. ಅವರ ಮನೆಯಲ್ಲಿ ಅತ್ತೆ ಸೊಸೆಗೆ ಉಪಕಾರವಾಯಿತು ಎಂದು ಹೇಳುವ ಅಭ್ಯಾಸ ಯಾವ ತಲೆಮಾರಿಗೂ ಇರಲಿಲ್ಲ. ಆದ್ದರಿಂದ ಸ್ವಲ್ಪ ತಡವರಿಸಿದಳು. "ನನ್ನ ಕೈ ನನಗೆ ವಾಪಸ್ ಕೊಟ್ಟೆ ಕಣಮ್ಮ ನೀನು. ನಿನ್ನ ಕೆಲಸಕ್ಕೆ ಏನೇನೋ ಅಂದೆ. ಮನಸ್ಸಲ್ಲಿ ಇಟ್ಕೋಬೇಡ. ನಿನ್ನ ಉಪಕಾರ ನಾನು ಮರೆಯಲ್ಲ."

ಹುಡುಗಿ ನಗುತ್ತಾಳೆ ಅಂದುಕೊಂಡಿದ್ದಳು. ಹುಡುಗಿ ನಗಲಿಲ್ಲ. "ಉಪಕಾರ ಆಯ್ತು ಅಂತ ನಾನೇ ನಿಮಗೆ ಹೇಳಬೇಕು ಅತ್ತೆ. ದಿನಾ ಇಪ್ಪತ್ತು ಜನರ ಅಳತೆ ತಗೊಳ್ತೀನಿ, ಗುರುತಿಲ್ಲದವರದ್ದು. ನನ್ನೋರು ಅಂತ ಇರೋರಲ್ಲಿ ಅಳತೆಗೆ ಮೈ ಮುಟ್ಟೋಕೆ ಬಿಟ್ಟಿದ್ದು ನೀವೊಬ್ರೇ." ಅವಳೇ ಮುಂದುವರಿಸಿದಳು. "ನಮ್ಮಮ್ಮನ ಭುಜ ನಿಮ್ಮದಕ್ಕಿಂತ ಕೆಟ್ಟದಾಗಿದೆ. ಕೈ ಮೇಲೆತ್ತಿ ತಲೆ ಬಾಚ್ಕೊಳ್ಳೋಕಾಗಲ್ಲ. ಈ ಕೆಲಸಕ್ಕೆ ಸೇರಿದ ದಿನದಿಂದ ಅಳತೆ ಕೊಡಮ್ಮ ಅಂತ ಕೇಳ್ತಾನೇ ಇದ್ದೆ. ಛೀ, ಹೆತ್ತ ತಾಯಿ ಹತ್ರ ಕೇಳೋ ಮಾತಾ ಇದು ಅಂತ ಬೈತಾರೆ. ಹೋದ ವರ್ಷದಿಂದ ನಾನು ಕೇಳೋದೇ ಬಿಟ್ಟಿದೀನಿ."

ಟೇಪಮ್ಮ ಅವಳ ಕೈ ಬಿಟ್ಟು ಫೋನು ತೆಗೆದುಕೊಂಡಳು. ಬೀಗಿತ್ತಿಗೆ ಅವಳು ಫೋನು ಮಾಡುತ್ತಿದ್ದುದೇ ಅಪರೂಪ, ಆ ಕಡೆಯವರು ಗಾಬರಿಯಾಗಿಯೇ ಹಲೋ ಅಂದರು.

"ಯಾರಿಗೂ ಏನೂ ಆಗಿಲ್ಲ ಬೀಗರೇ, ಎಲ್ಲ ಚೆನ್ನಾಗಿದೀವಿ. ನನ್ನ ಕೈ ವಾಸಿ ಆಯ್ತು ನೋಡಿ, ಅದಕ್ಕೇ ಫೋನ್ ಮಾಡ್ದೆ. ನಿಮಗೊಂದು ಕೋಟು ಹೊಲಿದುಕೊಡಬೇಕು ಅಂತ ಆಸೆ. ಈ ಭಾನುವಾರ ಬಂದುಬಿಡಿ, ಅಳತೆ ಬೇಕು." ಆ ಕಡೆಯಿಂದ ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ ಎಂಬ ಮಾತುಗಳು ಒಂದಷ್ಟು ಬಂದವು, ಕೊನೆಗೆ ಸಂತೋಷ ತಡೆಯಲಾರದೆ ಆಗಲಿ ಎಂಬ ಮಾತೂ ಬಂತು. ಸೊಸೆ ಬಾಗಿಲಲ್ಲಿ ಚೀಲ ಹಿಡಿದುಕೊಂಡು ನಿಂತೇ ಇದ್ದಳು.

"ಇನ್ನೊಂದು ಮಾತು ಬೀಗರೇ" ಅಂದಳು ಟೇಪಮ್ಮ, ಗಿರಾಕಿಗಳಿಗೆ ಗದರುವ ಅದೇ ದನಿಯಲ್ಲಿ. "ಒಳಗಿನ ಅಳತೆ ಸರಿಯಿಲ್ಲದೆ ನಾನು ಯಾರಿಗೂ ಕೋಟು ಕತ್ತರಿಸಲ್ಲ. ಮೊದಲು ಅದಾಗಬೇಕು. ಅದು ನನ್ನ ಕೈಲಾಗೋ ಕೆಲಸ ಅಲ್ಲ, ಅದಕ್ಕೆ ಬೇರೆ ಕಸುಬುದಾರರೇ ಬೇಕು. ಈ ಊರಲ್ಲಿ ಅದನ್ನ ಸರಿಯಾಗಿ ಬಲ್ಲವರು ಒಬ್ಬರೇ. ನೀವೇ ಹೆತ್ತಿದ್ದು. ಭಾನುವಾರ ಅವಳು ಹೇಳಿದ ಹಾಗೆ ಉಸಿರು ಬಿಟ್ಟು ನಿಂತ್ಕೊಳ್ಳಿ, ನಾನು ಪಕ್ಕದಲ್ಲೇ ಇರ್ತೀನಿ."

ಆ ಕಡೆಯಿಂದ ಬೀಗಿತ್ತಿ ಮೆಲ್ಲಗೆ, "ನೋವಾಗುತ್ತಾ?" ಎಂದು ಕೇಳಿದರು.

"ಇಲ್ಲ. ನನಗಂತೂ ಅಳು ಬಂತು, ಆದ್ರೆ ನೋವಾಗಿ ಅಲ್ಲ" ಎಂದು ಟೇಪಮ್ಮ ಫೋನನ್ನು ಸೊಸೆಯ ಕೈಗೆ ಕೊಟ್ಟಳು.